ಯಾಜಕನ ಕೈಯಲ್ಲಿ ಚಾಕು ಇರಲಿಲ್ಲ

ಅಂಗಡಿಯ ಹಿಂದಿನ ಕೋಣೆ
ಸೋಮವಾರ, ಮಾರ್ಚ್ ೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಆ ಹಾಸ್ಟೆಲಿನ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ. ಅಪ್ಪನ ಮೊಣಕಾಲು ಪರವಾಗಿಲ್ಲ, ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಎದುರಿಗೆ ನಿಂತ ಗಿರಾಕಿಯನ್ನು ದನಿಯಿಂದಲೇ ಗುರುತು ಹಿಡಿಯುತ್ತಾರೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಚರ್ಚಿನ ಸಭಾಪಾಲಕನಾಗುವ ದೀಕ್ಷೆಗೆ ಮುಂಚಿನ ನಲವತ್ತು ದಿನ ಫೋನು ಮುಟ್ಟಬಾರದೆಂಬ ನಿಮ್ಮ ಕಾಲೇಜಿನ ನಿಯಮ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಜಗಳ ಶುರುಮಾಡುವ ಮೊದಲೇ ನೀನು ಪ್ರಾರ್ಥನೆ ಶುರುಮಾಡುತ್ತೀಯ.

ಫೋನು ಬಿಡುವ ಮುನ್ನ ನೀನು ಕಳಿಸಿದ, ಚರ್ಚಿನಲ್ಲಿ ಮಾಡಿದ ಪ್ರಸಂಗದ ರೆಕಾರ್ಡಿಂಗ್ ಅಂಗಡಿಯಲ್ಲಿ ದಿನಕ್ಕೆಷ್ಟು ಸಲ ಓಡುತ್ತಿತ್ತು ಗೊತ್ತೇ? ಅರ್ಧ ಕಿಲೋ ತೊಡೆಮಾಂಸ ಕೇಳಿದವರು ಮೊದಲು ಹನ್ನೆರಡು ನಿಮಿಷ ನಿನ್ನನ್ನು ಕೇಳಬೇಕು. "ಮಾತಾಡ್ತಿರೋದು ನಮ್ಮ ಹುಡುಗ" ಎಂದು ಅಪ್ಪ ಫೋನನ್ನು ತಕ್ಕಡಿಯ ಪಕ್ಕ ಎತ್ತಿಡುವರು. ಅಷ್ಟರಲ್ಲಿ ಮೂಳೆ ಕಡಿದು, ಕೊಬ್ಬು ಬಿಡಿಸಿ, ಕಾಗದ ಸುತ್ತಿ ಕೊಡುವವಳು ನಾನು. ಹದಿನಾರು ವರ್ಷದಿಂದ ಅದೇ ಹಲಗೆಯ ಮುಂದೆ ನಿಂತವಳ ಬಗ್ಗೆ ಅವರು ಆಡಿದ ಅತಿ ದೊಡ್ಡ ಮಾತೆಂದರೆ "ಇವಳು ವೇಸ್ಟ್ ಮಾಡಲ್ಲ" ಎಂಬುದು. ನನಗೆ ಹೊಟ್ಟೆಕಿಚ್ಚು ತಮ್ಮಾ, ಮುಚ್ಚುಮರೆ ಏಕೆ. ಚಿಕ್ಕವನಿದ್ದಾಗ ರಕ್ತ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದವನು ಈಗ ಬಲಿಯ ರಕ್ತದ ಬಗ್ಗೆ ಮಾತಾಡಿ ಹೆಸರು ಗಳಿಸಿದರೆ ಯಾರಿಗೆ ತಾನೆ ಉರಿಯುವುದಿಲ್ಲ.

ಆ ಉರಿಯಲ್ಲೇ ಅಪ್ಪನ ಸತ್ಯವೇದ ತೆರೆದು ನಿನ್ನ ತಪ್ಪು ಹುಡುಕಲು ಕುಳಿತೆ. ಸಿಕ್ಕಿತು. ಪಾಪ ಮಾಡಿದವನು ದೂರ ನಿಂತಿದ್ದ, ಯಾಜಕನೇ ಚಾಕು ಎತ್ತಿ ಕುರಿ ಕೊಯ್ದ ಎಂದೆಯಲ್ಲ, ಇಸ್ರಾಯೇಲ್ಯರ ನಿಯಮ ಹಾಗಿಲ್ಲ. ತಂದವನೇ ಅದರ ತಲೆಯ ಮೇಲೆ ಕೈಯಿಡಬೇಕು, ತಂದವನೇ ಕೊಯ್ಯಬೇಕು. ಯಾಜಕನ ಕೆಲಸ ಆಮೇಲೆ, ರಕ್ತವನ್ನು ಯಜ್ಞವೇದಿಗೆ ಎರಚುವಾಗ. ವರ್ಷಕ್ಕೊಮ್ಮೆಯ ದೋಷಪರಿಹಾರದ ದಿನ ಮಹಾಯಾಜಕನೇ ಕೊಯ್ಯುತ್ತಿದ್ದನಲ್ಲ ಎಂದು ನೀನು ವಾದಿಸಬಹುದು, ಒಪ್ಪಿದೆ. ಆದರೆ ಅವತ್ತಿನ ಎರಡು ಹೋತಗಳಲ್ಲಿ ಕೊಯ್ದದ್ದರ ರಕ್ತ ಪವಿತ್ರಸ್ಥಳದ ಶುದ್ಧಿಗೆ. ಜನರ ಪಾಪವನ್ನೆಲ್ಲ ಹೊರಿಸಿದ ಇನ್ನೊಂದನ್ನು ಕೊಲ್ಲಲೇ ಇಲ್ಲ, ಜೀವಂತ ಅಡವಿಗೆ ಅಟ್ಟಿದರು. ನೀನು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಶಿಲುಬೆಯವರೆಗೆ ಎಳೆದುಕೊಂಡು ಹೋದೆ. ಯೇಸುವಿನಲ್ಲಿ ಎಲ್ಲವೂ ಒಂದಾಯಿತು, ಯಾಜಕನೂ ಅವನೇ ಬಲಿಯೂ ಅವನೇ, ಒಂದೇ ಸಲಕ್ಕೆ ಮುಗಿಯಿತು ಎಂದು ನಾನೂ ನಂಬುತ್ತೇನೆ. ಆದರೆ ಹಳಬರು ಏನು ಮಾಡುತ್ತಿದ್ದರೆಂಬುದನ್ನು ಮೊದಲು ಸರಿಯಾಗಿ ಹೇಳು, ಆಮೇಲೆ ನಂಬಿಸು. ಕುರಿಯ ತಲೆ ಹಿಡಿದವನ ಅಂಗೈಗೆ ಅದರ ಕಿವಿಯ ಬಿಸಿ ತಾಗುತ್ತದೆ, ಇದು ನನ್ನದೇ ಕೆಲಸ ಎಂದು ಗೊತ್ತಾಗುತ್ತದೆ. ನಿನ್ನ ಪ್ರಸಂಗದಲ್ಲಿ ಆ ಮನುಷ್ಯನಿಗೆ ಕೈ ತೊಳೆಯುವ ಕೆಲಸವೂ ಇಲ್ಲ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಮೆಚ್ಚಿಕೊಂಡಾರು ಎಂದುಕೊಂಡಿದ್ದೆ. ಮುಖ ಸಣ್ಣದು ಮಾಡಿಕೊಂಡು "ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಎಂದರು, ಅಷ್ಟೇ. ಆವತ್ತಿನಿಂದ ಅಂಗಡಿಯಲ್ಲಿ ನಿನ್ನ ದನಿಯಿಲ್ಲ. ಅಂಚೆಯವನ ಗಾಡಿ ನಿಂತ ಸದ್ದಾದರೆ ಮಾತ್ರ ಕುರ್ಚಿಯಿಂದ ಎದ್ದು "ದೀಕ್ಷೆಗೆ ಬಾ ಅಂತ ಏನಾದ್ರೂ ಬರೆದಿದಾನಾ" ಎಂದು ಕೇಳುತ್ತಾರೆ. ಮೂರು ವಾರದಿಂದ ನಾನು ಇಲ್ಲ ಎನ್ನುತ್ತಿದ್ದೇನೆ. ನಿನ್ನೆ ಏಪ್ರನ್ ಮಡಿಸುತ್ತಾ "ಅಷ್ಟು ದೊಡ್ಡವರ ಮಧ್ಯೆ ಕಟುಕ ಅಪ್ಪ ಯಾಕೆ ಅನ್ನಿಸಿರ್ಬೇಕು" ಎಂದರು. ನಾನು ಹಲಗೆ ಉಜ್ಜುತ್ತಲೇ ಇದ್ದೆ.

ಹೊತ್ತಿಗೆ ಸರಿಯಾಗಿ ತಿನ್ನು, ಸ್ವೆಟರ್ ಹಾಕಿಕೋ. ನಿನ್ನ ಗಂಟಲನ್ನೂ ನನ್ನ ನಾಲಿಗೆಯನ್ನೂ ದೇವರು ಕಾಯಲಿ.

ಇಂತು,
ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುನ್ನ: ನಿನ್ನ ಕಾಗದ ಬಂದಿತ್ತು. ಅಪ್ಪನಿಗೆ ಓದಿ ಹೇಳುವವಳು ನಾನೇ ಆದ್ದರಿಂದ ನಾನೇ ಒಡೆದೆ. "ದೀಕ್ಷೆಯ ದಿನ ಹಿರಿಯರ ಜೊತೆ ಅಪ್ಪನೂ ನನ್ನ ತಲೆಯ ಮೇಲೆ ಕೈಯಿಡಲಿ" ಎಂಬ ನಿನ್ನ ಸಾಲು ಕಂಡು ಕಾಗದವನ್ನು ಚಾಕುಗಳ ಡಬ್ಬಿಯ ತಳಕ್ಕೆ ತುರುಕಿದೆ. ನನ್ನ ತಲೆಯ ಮೇಲೆ ಆ ಕೈ ಯಾವತ್ತೂ ಬಿದ್ದಿಲ್ಲ. ನಿನ್ನ ತಪ್ಪು ಹುಡುಕುವಾಗ ಇನ್ನೊಂದು ನಿಯಮವೂ ಕಣ್ಣಿಗೆ ಬಿದ್ದಿತ್ತು: ಇನ್ನೊಬ್ಬರದ್ದನ್ನು ಕಿತ್ತುಕೊಂಡವನು ಮೊದಲು ಅದನ್ನು ಹಿಂದಿರುಗಿಸಿ, ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು, ಬಲಿ ಆಮೇಲೆ. ಈಗಷ್ಟೇ ಅಪ್ಪನಿಗೆ ನಿನ್ನ ಕಾಗದ ಓದಿದೆ, ಬಚ್ಚಿಟ್ಟದ್ದನ್ನೂ ಹೇಳಿದೆ. ಬಯ್ಯಲಿಲ್ಲ, ಇನ್ನೊಂದ್ಸಲ ಓದು ಎಂದರು. ನಾಲ್ಕು ಸಲ ಓದಿಸಿದರು. ಶನಿವಾರದ ರೈಲಿಗೆ ಹೊರಡುತ್ತೇವೆ. ನಿನ್ನ ತಲೆ ಎಲ್ಲಿದೆಯೆಂದು ಅವರಿಗೆ ಕಾಣುವುದಿಲ್ಲ, ಅವರ ಕೈ ಹಿಡಿದು ನಾನೇ ಇಡಬೇಕು. ಇಡುತ್ತೇನೆ. ಆಗ ಮಾತ್ರ ನೀನು ತಲೆಯೆತ್ತಿ ನನ್ನ ಮುಖ ನೋಡಬೇಡ.