ಎಡಗಡೆಯ ಏಳು ಕುದುರೆ ಸವಾರರು

ಲೋ ದಂಡನಾಯಕ,

ನೀನು ಹೋಗಿ ಹದಿನೆಂಟು ದಿನವಾಯಿತು. ನನ್ನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಕೊನೆಯ ಬೊಂಬೆಯುದ್ಧದ ಆಟ ಮೇಜಿನ ಮೇಲೆ ಹಾಗೇ ನಿಂತಿತ್ತು. ನಿನ್ನ ಬೆರಳುದ್ದದ ಸೈನಿಕರನ್ನು ಡಬ್ಬಿಗೆ ತುಂಬಿ ಅತ್ತಿಗೆಗೆ ಕೊಡೋಣವೆಂದು ಇವತ್ತು ಮೊದಲ ಸಲ ನಿನ್ನ ಕುರ್ಚಿಯಲ್ಲಿ ಕುಳಿತೆ.

ಹನ್ನೊಂದು ವರ್ಷವೂ ಸೋತವನು ನಾನೇ. ಪ್ರತಿ ಸಲವೂ ನೀನು ಬೊಂಬೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ, "ನೋಡು, ಇಲ್ಲೇ ನೀನು ಎಡವಿದ್ದು" ಎಂದು ತೋರಿಸುವವರೆಗೂ ಟೀ ಕುಡಿಯಲು ಬಿಡುತ್ತಿರಲಿಲ್ಲ. ಗೆದ್ದವನು ಸೋತವನಿಗೆ ತಪ್ಪು ತೋರಿಸಬೇಕೆಂಬುದು ನೀನೇ ಮಾಡಿದ ನಿಯಮ.

ಕೊನೆಯ ಆಟ ನಾನು ಗೆದ್ದೆ. ಕುಣಿದಾಡಿಬಿಟ್ಟೆ. ನೀನು ಕಣ್ಣುಜ್ಜಿಕೊಳ್ಳುತ್ತಾ, "ನಾನೆಲ್ಲಿ ಎಡವಿದೆ, ಹೇಳೋ" ಅಂದೆ.

"ಇವತ್ತು ಪಾಠಗೀಠ ಏನೂ ಬೇಡ, ನಡಿ, ಟೀ ನಂದು" ಅಂದೆ ನಾನು.

ಎರಡೇ ದಿನಕ್ಕೆ ನೀನು ಕುಸಿದುಬಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು, "ಇದು ಮೆದುಳಿನ ತೊಂದರೆ. ಎಡಗಡೆ ಸರಿಯಾಗಿ ಕಾಣಿಸ್ತಿಲ್ಲ ಅಂತ ಮುಂಚೆ ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು. ಇಲ್ಲವೆಂದೆ. ನೀನು ಹೇಳಿರಲಿಲ್ಲ, ನಿಜ.

ಇವತ್ತು ನಿನ್ನ ಕುರ್ಚಿಯಿಂದ ನೋಡಿದೆ ಕಣೋ. ನಿನ್ನ ಎಡಗೈ ಪಕ್ಕದಲ್ಲೇ ಏಳು ಕುದುರೆ ಸವಾರರು ಆಟ ಶುರುವಾದಾಗ ಇಟ್ಟ ಜಾಗದಲ್ಲೇ ಇದ್ದಾರೆ. ಅವರ ಮುಂದಿನಿಂದಲೇ ನಾನು ಒಳಗೆ ನುಗ್ಗಿದ್ದು. ದಿನಕ್ಕೆ ಇಪ್ಪತ್ತು ಜನರ ಕಣ್ಣು ಪರೀಕ್ಷೆ ಮಾಡುವವನು ನಾನು.

ನಿನ್ನ ನಿಯಮದಂತೆ ತಪ್ಪು ತೋರಿಸಲು ಕೈ ಚಾಚಿದೆ. ಹಿಂದಕ್ಕೆ ಸರಿಸೋಣವೆಂದರೆ, ಅವರು ಮುಂದೆ ಹೋಗಿಯೇ ಇಲ್ಲ.