ಸ್ನಾನ ಬೇಡ, ಪೆಗ್ಗಿ

ನೋಲಾ,

ನೀನು ತೀರಿಹೋದ ಮೇಲೆ ವೃದ್ಧಾಶ್ರಮದ ನಿನ್ನ ಕೋಣೆಗೆ ಏವಿಸ್ ಬಂದಿದ್ದಾಳೆ. ನಿನ್ನಂತೆಯೇ ಮರೆವು, ನಿನ್ನಷ್ಟೇ ಬಾಯಿ. ರಾತ್ರಿ ಪಾಳಿಯವನು, ನೀನು ಹೇಳುತ್ತಿದ್ದ ಅದೇ ಮನುಷ್ಯ, ಅವಳ ಹೊದಿಕೆಯೊಳಗೆ ಕೈ ಹಾಕಿದನೆಂದು ಸೋಮವಾರ ಟೋಸ್ಟಿಗೆ ವೆಜಿಮೈಟ್ ಸವರುತ್ತಲೇ ಹೇಳಿದಳು. ನಮ್ಮನ್ನು ನೋಡಿಕೊಳ್ಳುವ ಪೆಗ್ಗಿ, ಅಂದು ನೀನು ಹೇಳಿದಾಗ ನಿನಗೆ ಮಾಡಿದಂತೆಯೇ, ಸ್ನಾನ ಮಾಡಿಸಲು ಟವೆಲ್ ತಂದಳು. ಹೊಸ ನರ್ಸ್ ಲಿತಿಯಾ ತಡೆದಳು.

"ಸ್ನಾನ ಬೇಡ, ಪೆಗ್ಗಿ. ಹಾಸಿಗೆ ಬಟ್ಟೆನೂ ಮುಟ್ಬೇಡ, ಪೊಲೀಸರು ನೋಡ್ಬೇಕು."

"ಅಯ್ಯೋ, ಇವಳಿಗೆ ನಿನ್ನೆ ಊಟ ಮಾಡಿದ್ದೇ ನೆನಪಿರಲ್ಲ!"

"ಇದು ನೆನಪಿದೆಯಲ್ಲ." ಲಿತಿಯಾ ಏವಿಸ್ ಪಕ್ಕದಲ್ಲಿ ಕುಳಿತಳು. "ನಿಮ್ಮ ಮಾತು ನಂಬ್ತೀನಿ. ಡಾಕ್ಟರ್ ನೋಡ್ಬಹುದಾ? ಬೇಡ ಅಂದ್ರೆ ಬೇಡ."

"ನೋಡ್ಲಿ, ಹೆಂಗಸೇ ಬರ್ಲಿ. ಆಮೇಲೆ ಒಳ್ಳೆ ಟೀ ಕೊಡಮ್ಮ. ಪೆಗ್ಗಿ ಮಾಡೋದು ಪಾತ್ರೆ ತೊಳೆದ ನೀರು."

ಪೊಲೀಸರು ಅವನನ್ನು ಅಂದೇ ಕರೆದೊಯ್ದರು. ಏವಿಸ್ ಈಗ ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಇಸ್ಪೀಟಿನಲ್ಲಿ ಮೋಸ ಮಾಡಿ ನನ್ನನ್ನು ಸೋಲಿಸುತ್ತಾಳೆ. ನನಗೂ ನೆಮ್ಮದಿಯಾಗಿದೆ.

ಅಂದು ಹೊರಡುವಾಗ ಪೊಲೀಸ್ ಅಧಿಕಾರಿ, "ಮೊದಲೂ ಯಾರಾದ್ರೂ ಹೇಳಿದ್ರಾ?" ಎಂದು ಕೇಳಿದಳು. ಪೆಗ್ಗಿ ನೆಲ ನೋಡಿದಳು. ನಾನು ನಿನ್ನ ಹೆಸರು ಹೇಳಿದೆ. ನೀನು ನನಗೆ ಹೇಳಿದ್ದನ್ನೆಲ್ಲ ನಿನ್ನ ಮಾತಿನಲ್ಲೇ ಹೇಳಿದೆ, ನೋಲಾ. ಒಂದನ್ನೂ ಮರೆತಿರಲಿಲ್ಲ.