ಉಲ್ಟಾ ಓಡಿಸಿದ ರೀಲು

ಅಪ್ಪಾ,

ಸತ್ತ ಮೇಲೂ ಚಪ್ಪಾಳೆ ಗಿಟ್ಟಿಸುತ್ತಿದ್ದೀಯ. ನೀನೇ ನಿರ್ದೇಶಿಸಿ ನೀನೇ ನಾಯಕನಾಗಿದ್ದ ಆ ದೆವ್ವದ ಪ್ರೇಮಕಥೆಯನ್ನು ಇವತ್ತು ಮತ್ತೆ ತೋರಿಸಿದರು. ಸತ್ತ ಹೆಂಡತಿ ಮಂಜಿನೊಳಗಿಂದ ತೇಲಿಬಂದು ನಿನ್ನ ತೋಳು ಸೇರುವಾಗ ಜನ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಅತ್ತೆ ನನ್ನನ್ನು ತಿವಿದಳು.

"ಅದು ನಾಯಕಿ ಅಲ್ಲ ಕಣೇ, ಮುಸುಕಲ್ಲಿರೋದು ನಿಮ್ಮಮ್ಮ! ಆ ನಾಯಕಿ ಎಡವಿ ಬೀಳ್ತಿದ್ಲು ಅಂತ ನಿಮ್ಮಮ್ಮನ್ನ ನಿಲ್ಲಿಸಿದ್ರು. ತೋಳು ಬಿಡಿಸ್ಕೊಂಡು ಹಿಂದೆ ಹಿಂದಕ್ಕೇ ನಡೆದ್ಲು. ನಮ್ಮಣ್ಣ ರೀಲನ್ನ ಉಲ್ಟಾ ಓಡಿಸ್ದ. ಏನು ತಲೆ ಅಂತೀಯ!"

ಮರುವರ್ಷ ಅಮ್ಮ ಮನೆ ಬಿಟ್ಟಳು. ನೀನು ಅವಳದೊಂದು ಫೋಟೊವನ್ನೂ ಉಳಿಸಲಿಲ್ಲ. ಆದರೆ ಅವಳು ನಿನ್ನಿಂದ ದೂರ ಹೋದದ್ದನ್ನೇ ನಿನ್ನೆಡೆಗೆ ಬಂದಂತೆ ತೋರಿಸಿ ಹೆಸರು ಮಾಡಿದೆ.

ನಾಳೆಯೂ ಪ್ರದರ್ಶನವಿದೆ. ಹೋಗುತ್ತೇನೆ, ನಿನ್ನನ್ನು ನೋಡಲಿಕ್ಕಲ್ಲ.